ಹಳ್ಳಿಯ ದಾದಿಯ ಕೈಗೆ ಬಂದ ಹೃದಯರೇಖೆ

ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಮೊದಲು ನಿಲ್ಲುವವರು ವೈದ್ಯರು. ಅದು ಸಹಜವೇ. ಆದರೆ ಒಳರೋಗಿಯಾಗಿ ನಾಲ್ಕು ದಿನ ಮಲಗಿ ಬಂದವರನ್ನು ಕೇಳಿ ನೋಡಿದರೆ ಅವರು ಹೇಳುವುದು ಬೇರೆ. ವೈದ್ಯರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡಿ ಹೋಗುತ್ತಾರೆ. ಉಳಿದ ಇಪ್ಪತ್ತಮೂರು ಗಂಟೆಯೂ ರೋಗಿಯ ಸನಿಹದಲ್ಲಿರುವವರು ದಾದಿಯರು. ಸರ್ಕಾರ ಈಗ ಇವರಿಗೆ ಶುಶ್ರೂಷಾಧಿಕಾರಿ ಎಂಬ ಗೌರವದ ಹೆಸರನ್ನು ಕೊಟ್ಟಿದೆ. ಜನರ ಬಾಯಲ್ಲಿ ಮಾತ್ರ ಅವರು ಇಂದಿಗೂ 'ಸಿಸ್ಟರ್' ಎಂದೇ ಕರೆಯಲ್ಪಡುತ್ತಾರೆ.

ಒಂದು ತಲೆಮಾರಿನ ಹಿಂದೆ ಈ ಸಿಸ್ಟರಿನ ಬಳಿ ಇದ್ದ ಸಲಕರಣೆಗಳು ಬೆರಳೆಣಿಕೆಯಷ್ಟು. ಪಾದರಸದ ಥರ್ಮಾಮೀಟರು, ಪಾದರಸದ ರಕ್ತದೊತ್ತಡ ಮಾಪಕ, ಕೈಗಡಿಯಾರ, ಇವಿಷ್ಟೇ ಅವರ ಸಂಪತ್ತು. ಅರ್ಧ ಲೀಟರ್ ಗ್ಲೂಕೋಸನ್ನು ಎಂಟು ಗಂಟೆಯಲ್ಲಿ ಹರಿಸಬೇಕೆಂದು ವೈದ್ಯರು ಬರೆದರೆ, ದಾದಿ ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, ಗಡಿಯಾರದ ಸೆಕೆಂಡು ಮುಳ್ಳನ್ನು ನೋಡುತ್ತಾ, ನಿಮಿಷಕ್ಕೆ ಇಪ್ಪತ್ತೊಂದು ಹನಿ ಬೀಳುವಂತೆ ಕೊಳವೆಯ ಗಾಲಿಯನ್ನು ತಿರುಗಿಸುತ್ತಿದ್ದರು. ರೋಗಿ ಮಗ್ಗುಲು ಬದಲಿಸಿದರೆ ಲೆಕ್ಕ ತಪ್ಪುತ್ತಿತ್ತು. ಮತ್ತೆ ಬಂದು ಎಣಿಸಬೇಕಾಗಿತ್ತು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಈ ಹನಿಯ ಲೆಕ್ಕವನ್ನು ಪಂಪು ಎಂಬ ಯಂತ್ರವೇ ಮಾಡುತ್ತದೆ. ಪಾದರಸದ ಸ್ಥಾನಕ್ಕೆ ಅಂಕಿ ತೋರಿಸುವ ಉಪಕರಣಗಳು ಬಂದಿವೆ. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕವನ್ನಂತೂ 2020 ಮತ್ತು 2021ರ ಕೊರೊನಾ ಸಂಕಟ ಮನೆಮನೆಗೂ ಪರಿಚಯಿಸಿತು.

ಇವುಗಳಲ್ಲಿ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಮಟ್ಟಿಗೆ ಅತ್ಯಂತ ಮಹತ್ತ್ವದ ಬದಲಾವಣೆ ಯಾವುದೆಂದು ಕೇಳಿದರೆ, ಪುಸ್ತಕದ ಗಾತ್ರದ ಒಂದು ಪುಟ್ಟ ಯಂತ್ರವನ್ನು ತೋರಿಸಬೇಕಾಗುತ್ತದೆ. ಅದೇ ಇ.ಸಿ.ಜಿ. ಯಂತ್ರ.

ದಾರಿಯ ದೂರ, ಕಾಲದ ಅಭಾವ

ಈ ಭಾಗವನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಮಂಗಳೂರಿನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಪುತ್ತೂರು. ಅಲ್ಲಿಂದ ಮುಂದೆ ಮಡಿಕೇರಿಯ ದಾರಿಯಲ್ಲಿ 35 ಕಿಲೋಮೀಟರ್ ಸಾಗಿದರೆ ಸುಳ್ಯ. ಇವೆರಡು ತಾಲ್ಲೂಕುಗಳಿಂದ ಹಳ್ಳಿಗಳನ್ನು ಬೇರ್ಪಡಿಸಿ 2018ರಲ್ಲಿ ರಚಿಸಿದ್ದು ಕಡಬ ತಾಲ್ಲೂಕು; ಕುಕ್ಕೆ ಸುಬ್ರಹ್ಮಣ್ಯವು ಈಗ ಇದರಲ್ಲಿಯೇ ಇದೆ. ಅಡಿಕೆ ಮತ್ತು ರಬ್ಬರ್ ತೋಟಗಳ ನಡುವೆ ಒಂದೊಂದೇ ಮನೆ. ತೋಟದ ಮನೆಯಿಂದ ಡಾಮರು ರಸ್ತೆಗೆ ಬರುವುದೇ ಒಂದು ಪ್ರಯಾಣ. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯ ಹೊಸ್ಮಠದಲ್ಲಿ ಹೊಸ ಸೇತುವೆ ಆಗುವವರೆಗೂ ಹಳೆಯ ಮುಳುಗು ಸೇತುವೆ ಪ್ರತಿ ಮಳೆಗಾಲದಲ್ಲಿಯೂ ನೀರಿನಡಿ ಸೇರುತ್ತಿತ್ತು. ಆಗ ರೋಗಿಯನ್ನು ಹೊತ್ತ ವಾಹನ ನೀರಿಳಿಯುವ ತನಕ ಈಚೆ ದಡದಲ್ಲಿಯೇ ನಿಲ್ಲಬೇಕಾಗುತ್ತಿತ್ತು.

ಕೊಡಗಿನ ಹಾಲೇರಿ ಅರಸರು ಲಿಂಗಾಯತರಾಗಿದ್ದರೆಂಬುದು ಬಹುಜನರಿಗೆ ತಿಳಿದ ವಿಷಯ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರುವ ತನಕ ಅಮರ ಸುಳ್ಯ ಪ್ರದೇಶವು ಅವರ ಆಡಳಿತಕ್ಕೆ ಸೇರಿತ್ತು. ಆದರೂ ಇಂದು ಈ ಮೂರು ತಾಲ್ಲೂಕುಗಳಲ್ಲಿ ನಮ್ಮ ಸಮಾಜದ ಕುಟುಂಬಗಳು ವಿರಳ. ಬ್ಯಾಂಕು, ಶಾಲೆ, ಅರಣ್ಯ, ಕಂದಾಯ ಮೊದಲಾದ ಇಲಾಖೆಗಳ ನೌಕರಿಯ ಮೇಲೆ ಧಾರವಾಡ, ದಾವಣಗೆರೆ, ಮೈಸೂರು ಕಡೆಗಳಿಂದ ಬಂದು ನೆಲೆಸಿದವರೇ ಹೆಚ್ಚು. ಈ ಮಾತನ್ನು ಇಲ್ಲಿ ಹೇಳಲು ಕಾರಣವುಂಟು. ಅದು ಮುಂದೆ ತಿಳಿಯುತ್ತದೆ.

ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತವನ್ನು ಒಯ್ಯುವ ನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುವುದು. ಮುಚ್ಚಿದ ಕ್ಷಣದಿಂದ ಆ ಭಾಗದ ಸ್ನಾಯು ಸಾಯಲಾರಂಭಿಸುತ್ತದೆ. ಮೊದಲ ಮೂರು ಗಂಟೆಗಳೊಳಗೆ ಹೆಪ್ಪನ್ನು ಕರಗಿಸುವ ಔಷಧ ದೊರೆತರೆ ಹೆಚ್ಚಿನ ಸ್ನಾಯು ಉಳಿಯುತ್ತದೆ. ಹನ್ನೆರಡು ಗಂಟೆ ಕಳೆದರೆ ಆ ಔಷಧದಿಂದ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ. ಎದೆನೋವಿನ ರೋಗಿ ಆಸ್ಪತ್ರೆಯ ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೆಯಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿಕೊಂಡ ನಿಯಮ. ಸುಬ್ರಹ್ಮಣ್ಯದ ಸಮೀಪದ ಹಳ್ಳಿಯೊಂದರಿಂದ ಮಂಗಳೂರಿನ ಹೃದ್ರೋಗ ತಜ್ಞರ ಬಳಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಮಂಗಳೂರು ತಲುಪಿದ ಮೇಲೆಯೇ ಮೊದಲ ಇ.ಸಿ.ಜಿ. ಎಂದಾದರೆ ಅಮೂಲ್ಯವಾದ ಆ ಮೂರು ಗಂಟೆಗಳು ರಸ್ತೆಯ ಮೇಲೆಯೇ ಮುಗಿದಿರುತ್ತವೆ. ಬಹಳ ಕಾಲ ನಡೆದುಬಂದದ್ದು ಹೀಗೆಯೇ.

ತಂತಿಯ ಮೇಲೆ ಸಾಗಿದ ಹೃದಯ ಬಡಿತ

ಹೃದಯದ ವಿದ್ಯುತ್ತನ್ನು ರೇಖೆಯಾಗಿ ಬರೆಯುವ ಯಂತ್ರವನ್ನು ಬಳಕೆಗೆ ತಂದವರು ಹಾಲೆಂಡಿನ ಲೈಡನ್ ನಗರದ ವಿಜ್ಞಾನಿ ವಿಲ್ಲೆಮ್ ಐಂಥೋವೆನ್. 20ನೆಯ ಶತಮಾನದ ಆರಂಭದ ಆ ಯಂತ್ರ 250 ಕಿಲೋಗೂ ಮಿಕ್ಕಿ ಭಾರವಿದ್ದು, ಅದನ್ನು ನಡೆಸಲು ಐದು ಜನ ಬೇಕಾಗುತ್ತಿದ್ದರಂತೆ. ರೋಗಿ ತನ್ನ ಎರಡೂ ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕಾಗಿತ್ತು. ಅಷ್ಟು ದೊಡ್ಡ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವುದು ಅಸಾಧ್ಯವಾದ್ದರಿಂದ 1905ರಲ್ಲಿ ಐಂಥೋವೆನ್ನರು ಒಂದು ಉಪಾಯ ಮಾಡಿದರು. ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತವನ್ನು ದೂರವಾಣಿ ತಂತಿಯ ಮೂಲಕ ತಮ್ಮ ಪ್ರಯೋಗಶಾಲೆಗೆ ತರಿಸಿಕೊಂಡು ದಾಖಲಿಸಿದರು. 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ರೋಗಿ ಒಂದೆಡೆ, ಬಲ್ಲವರು ಇನ್ನೊಂದೆಡೆ, ನಡುವೆ ಒಂದು ತಂತಿ ಎಂಬ ಈ ಕಲ್ಪನೆ ನೂರು ವರ್ಷಕ್ಕೂ ಹಳೆಯದು. ಅದು ನಮ್ಮ ಮಲೆನಾಡಿನ ಅಂಚಿನ ಹಳ್ಳಿಗಳನ್ನು ತಲುಪಲು ಮೊಬೈಲ್ ಫೋನು ಬರಬೇಕಾಯಿತು.

ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಹೆಸರಿನಲ್ಲಿ, ಅಂದರೆ ಹೃದಯ ಚಿಕಿತ್ಸೆ ಮನೆಬಾಗಿಲಿಗೆ ಎಂಬ ಧ್ಯೇಯದಿಂದ, ಒಂದು ಕಾರ್ಯವನ್ನು ಆರಂಭಿಸಿದರು. ದಾನಿಗಳ ನೆರವಿನಿಂದ ಇ.ಸಿ.ಜಿ. ಯಂತ್ರಗಳನ್ನು ಕೊಂಡು ಗ್ರಾಮೀಣ ವೈದ್ಯರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಉಚಿತವಾಗಿ ಒದಗಿಸುವುದು. ಅಲ್ಲಿ ತೆಗೆದ ರೇಖಾಚಿತ್ರದ ಛಾಯಾಚಿತ್ರವನ್ನು ವಾಟ್ಸಾಪ್ ಗುಂಪಿಗೆ ಕಳುಹಿಸಿದರೆ ಹಗಲು ರಾತ್ರಿ ಎನ್ನದೆ ತಜ್ಞರು ನೋಡಿ ಸಲಹೆ ಕೊಡುವುದು. ಇದಿಷ್ಟೇ ಅದರ ವಿಧಾನ. ಹೊಸ ಯಂತ್ರವನ್ನೇನೂ ಇವರು ಕಂಡುಹಿಡಿಯಲಿಲ್ಲ. ಎಲ್ಲರ ಜೇಬಿನಲ್ಲಿಯೂ ಇದ್ದ ಫೋನನ್ನು ಐಂಥೋವೆನ್ನರ ತಂತಿಯನ್ನಾಗಿ ಮಾಡಿದರು. ಇದನ್ನು ನಾನು ದಾಸೋಹವೆಂದೇ ಕರೆಯುತ್ತೇನೆ. ತಿಳಿದದ್ದನ್ನು ತಿಳಿಯದವರ ಬಾಗಿಲಿಗೆ ಒಯ್ಯುವುದಕ್ಕೆ ಬೇರೆ ಹೆಸರೇಕೆ?

ರಾಜ್ಯ ಸರ್ಕಾರವೂ ಇದೇ ದಾರಿಯಲ್ಲಿ ಹೆಜ್ಜೆ ಇಟ್ಟಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ಹೃದಯಾಘಾತದಿಂದ ಅಕಾಲದಲ್ಲಿ ಅಗಲಿದಾಗ ನಾಡಿಗೆ ನಾಡೇ ಕಣ್ಣೀರಿಟ್ಟಿದ್ದು ನೆನಪಿದೆಯಷ್ಟೆ. ಅವರ ಹೆಸರಿನಲ್ಲಿಯೇ 2023ರಲ್ಲಿ 'ಹೃದಯ ಜ್ಯೋತಿ' ಯೋಜನೆ ಆರಂಭವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ಗಣಕಯಂತ್ರದ ಮೂಲಕ ಕಳುಹಿಸುವುದು, ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರು ಕೆಲವೇ ನಿಮಿಷಗಳಲ್ಲಿ ಅಭಿಪ್ರಾಯ ಕೊಡುವುದು, ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಇದರ ಕ್ರಮ. ಆಯ್ದ ಆಸ್ಪತ್ರೆಗಳಲ್ಲಿ ಮೊದಲಾದ ಈ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ 2025ರಲ್ಲಿ ಪ್ರಕಟಿಸಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ತಜ್ಞರು ನೂರು ಮೈಲಿ ದೂರದಲ್ಲಿದ್ದು ನೋಡುವುದು ಕಾಗದದ ಮೇಲಿನ ಗೆರೆಯನ್ನು. ಆ ಗೆರೆಯನ್ನು ಮೂಡಿಸುವ ಕೈ ಬಹುಮಟ್ಟಿಗೆ ದಾದಿಯದು. ಯಂತ್ರದ ಹತ್ತು ತಂತಿಗಳಲ್ಲಿ ನಾಲ್ಕನ್ನು ಕೈಕಾಲುಗಳಿಗೂ ಆರನ್ನು ಎದೆಗೂ ಜೋಡಿಸಬೇಕು. ಎದೆಯ ಮೊದಲಿನ ಎರಡು ತಂತಿಗಳು ಎದೆಮೂಳೆಯ ಎರಡೂ ಪಕ್ಕಗಳಲ್ಲಿ, ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿಯೇ ಕೂರಬೇಕು. ಅವಸರದಲ್ಲಿ ಒಂದು ಸಂದು ಮೇಲೆ ಅಂಟಿಸಿದರೂ ರೇಖೆಯ ಆಕಾರ ಬದಲಾಗಿ, ಇಲ್ಲದ ರೋಗ ಇದ್ದಂತೆಯೂ ಇರುವ ರೋಗ ಇಲ್ಲದಂತೆಯೂ ತೋರಬಹುದು. ಬಲಗೈ ಎಡಗೈ ತಂತಿಗಳು ಅದಲುಬದಲಾದರೆ ಹೃದಯವೇ ಬಲಗಡೆಗೆ ಹೋದಂತೆ ಕಾಣುತ್ತದೆ. ಹಾಗಾಗಿ ಬೆರಳಿನಿಂದ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸುತ್ತಾ ಇಳಿಯುವ ದಾದಿಯನ್ನು ಕಂಡರೆ, 'ಇವರಿಗೇನು ಇಷ್ಟು ನಿಧಾನ' ಎಂದು ಗೊಣಗಬಾರದು. ಸರಿಯಾಗಿ ಕಲಿತವರು ಮಾಡುವ ಕೆಲಸ ಅದು.

'ಗ್ಯಾಸ್' ಎಂಬ ಭ್ರಮೆಯೂ ಕರಡಿಗೆಯ ಪ್ರಶ್ನೆಯೂ

2019ರ ಮಳೆಗಾಲದ ಒಂದು ರಾತ್ರಿ. ಪುತ್ತೂರಿನಲ್ಲಿ ಬ್ಯಾಂಕಿನ ಉದ್ಯೋಗದಲ್ಲಿದ್ದ ಮಗನ ಮನೆಗೆ ಧಾರವಾಡದ ಕಡೆಯಿಂದ ನನ್ನ ಸೋದರತ್ತೆ ಬಂದಿದ್ದರು. ನಾನೂ ಅಲ್ಲಿಯೇ ಇದ್ದೆ. ಊಟವಾದ ಮೇಲೆ ಅವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ಬೆವರು, ವಾಕರಿಕೆ. 'ಮಧ್ಯಾಹ್ನದ ಹಲಸಿನಕಾಯಿ ಪಲ್ಯ ಒಗ್ಗಲಿಲ್ಲ' ಎಂದು ನಾವೆಲ್ಲ ತೀರ್ಮಾನಿಸಿದೆವು. ಜೀರಿಗೆ ಕಷಾಯ ಕೊಟ್ಟೆವು, ಸೋಡಾ ಕುಡಿಸಿದೆವು, ಬೆನ್ನು ತಿಕ್ಕಿದೆವು. ಹೀಗೆಯೇ ಮೂರು ಗಂಟೆ ಕಳೆಯಿತು. ಅವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ಎದೆನೋವಿಲ್ಲದೆಯೇ ಬರಬಹುದು, ಹೃದಯದ ಕೆಳಭಾಗದ ಆಘಾತ ಹೊಟ್ಟೆಯ ಉರಿಯಂತೆಯೇ ಕಾಣಬಹುದು ಎಂಬ ತಿಳಿವಳಿಕೆ ವಿದ್ಯಾವಂತರೆನಿಸಿಕೊಂಡ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ.

ಕೊನೆಗೆ ಸಮೀಪದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಇ.ಸಿ.ಜಿ. ತೆಗೆಯಲು ಬಂದ ಎಳೆಯ ವಯಸ್ಸಿನ ದಾದಿ ಅತ್ತೆಯ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಕಂಡು ಅದನ್ನು ತಾಯಿತವೆಂದು ಭಾವಿಸಿ, 'ಅಮ್ಮಾ, ಇದನ್ನೊಮ್ಮೆ ತೆಗೀಲಿಕ್ಕುಂಟು' ಎಂದು ಶಿವದಾರಕ್ಕೆ ಕೈಹಾಕಿದಳು. ಅತ್ತೆ ಅವಳ ಕೈಯನ್ನು ತಡೆದರು. 'ಜೀವಾ ಹೋದ್ರೂ ಲಿಂಗಾ ತಗ್ಯಾಂಗಿಲ್ಲವಾ' ಎಂದರು. ಆ ಹುಡುಗಿಗೆ ಅವರ ಮಾತು ಪೂರ್ತಿ ಅರ್ಥವಾಗಲಿಲ್ಲ; ಅವಳ ಗಾಬರಿ ಇವರಿಗೆ ಅರ್ಥವಾಗಲಿಲ್ಲ. ಮಗ ತಾಯಿಯನ್ನು ಗದರಿಸಿದ. ಅವರು ಸೆರಗನ್ನು ಇನ್ನೂ ಬಿಗಿಯಾಗಿ ಹೊದ್ದುಕೊಂಡರು. ಇಪ್ಪತ್ತು ನಿಮಿಷ ಹೀಗೆಯೇ ಕಳೆಯಿತು ಎಂದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ಆಗ ಪಕ್ಕದ ಕೋಣೆಯಿಂದ ಹಿರಿಯ ಸಿಸ್ಟರ್ ಒಬ್ಬರು ಬಂದರು. ನೋಡಿದೊಡನೆ ವಿಷಯ ಗ್ರಹಿಸಿದರೆಂದು ಕಾಣುತ್ತದೆ. ಗಂಡಸರನ್ನೆಲ್ಲ ಹೊರಗೆ ಕಳುಹಿಸಿ, ಪರದೆ ಎಳೆದು, 'ತೆಗೀಬೇಡಿ ಅಮ್ಮಾ. ನಿಮ್ಮ ಕೈಯಲ್ಲೇ ಹಿಡ್ಕೊಳ್ಳಿ. ದಾರ ಮಾತ್ರ ನಾನು ಈಚೆಗೆ ಸರಿಸ್ತೇನೆ, ಆಯ್ತಾ?' ಎಂದರು. ಅತ್ತೆ ಕರಡಿಗೆಯನ್ನು ಎಡ ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಮೂರು ನಿಮಿಷದಲ್ಲಿ ಇ.ಸಿ.ಜಿ. ಮುಗಿಯಿತು. ಹೃದಯಾಘಾತವೇ ಆಗಿತ್ತು.

ಅತ್ತೆ ಬದುಕಿದರು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಮರಳಿ ಬಾರದಂತೆ ಬಲಗುಂದಿತು. ಅಂದಿನಿಂದ ಮೆಟ್ಟಿಲು ಹತ್ತಲಾರರು. ಇಪ್ಪತ್ತು ನಿಮಿಷ ಹೋದದ್ದು ಆಸ್ಪತ್ರೆಯಲ್ಲಿ, ಮೂರು ಗಂಟೆ ಹೋದದ್ದು ನಮ್ಮದೇ ಮನೆಯಲ್ಲಿ ಎಂಬುದನ್ನು ಮರೆಯದೆ ಹೇಳಬೇಕು.

ನಮ್ಮ ಸಮಾಜ ವಿರಳವಾಗಿರುವ ಊರುಗಳಲ್ಲಿ ದಾದಿಯರಿಗೆ ಇಷ್ಟಲಿಂಗದ ಪರಿಚಯ ಇಲ್ಲದಿರುವುದು ಅವರ ತಪ್ಪಲ್ಲ. ತಿಳಿಸಿ ಹೇಳಬೇಕಾದವರು ನಾವು. ತಿಳಿಸಲು ನಮಗೇ ಸರಿಯಾಗಿ ತಿಳಿದಿರಬೇಕಷ್ಟೆ. ಇ.ಸಿ.ಜಿ.ಗೆ ಲಿಂಗವನ್ನು ದೇಹದಿಂದ ಬೇರ್ಪಡಿಸಬೇಕಾದ ಅಗತ್ಯವಿಲ್ಲ. ತಂತಿಗಳಿಗೆ ತಗಲದಂತೆ ಪಕ್ಕಕ್ಕೆ ಸರಿಸಿದರೆ, ಇಲ್ಲವೇ ಅಂಗೈಯಲ್ಲಿ ಹಿಡಿದರೆ ಸಾಕು, ಆದರೆ ಕೈ ಅಲುಗಾಡಬಾರದು. ಎದೆಯ ಎಕ್ಸ್-ರೇ ಮತ್ತು ಸಿ.ಟಿ. ಸ್ಕ್ಯಾನಿನಲ್ಲಿ ಲೋಹದ ಕರಡಿಗೆಯು ಚಿತ್ರದ ಮೇಲೆ ನೆರಳು ಬೀಳಿಸುವುದರಿಂದ ಅದನ್ನು ಚಿತ್ರ ತೆಗೆಯುವ ಭಾಗದಿಂದ ಆಚೆಗಿರಿಸಬೇಕು. ಎಂ.ಆರ್.ಐ. ಸ್ಕ್ಯಾನಿನ ವಿಷಯ ಬೇರೆಯೇ. ಅದು ಪ್ರಬಲವಾದ ಅಯಸ್ಕಾಂತ. ಯಾವ ಲೋಹವನ್ನೂ ಆ ಕೋಣೆಯೊಳಗೆ ಬಿಡುವುದಿಲ್ಲ. ಕರಡಿಗೆಯನ್ನೂ, ಒಳಗೆ ಯಾವ ದ್ರವ್ಯವಿದೆಯೆಂದು ಖಚಿತವಿಲ್ಲದ ಲಿಂಗವನ್ನೂ, ಮನೆಯವರೊಬ್ಬರು ಮಡಿಬಟ್ಟೆಯಲ್ಲಿ ಹಿಡಿದು ಹೊರಗೆ ಕುಳಿತಿರುವುದೇ ಸರಿಯಾದ ಕ್ರಮ. ಹೃದಯ ನಿಂತವರಿಗೆ ವಿದ್ಯುತ್ ಆಘಾತ ಕೊಡುವಾಗ ಎದೆಯ ಮೇಲೆ ಲೋಹವಿದ್ದರೆ ಅಪಾಯ. ಆ ಹೊತ್ತಿನಲ್ಲಿ ದಾದಿ ಕೇಳಿಕೊಂಡು ಕೂರಲಾರಳು, ಕೂರಲೂಬಾರದು.

ಲಿಂಗವನ್ನು ಅಂಗೈಯಲ್ಲಿರಿಸಿ ಪೂಜಿಸುವುದು ನಮ್ಮ ನಿತ್ಯದ ಪದ್ಧತಿ. ಹೀಗಿರುವಾಗ ಎದೆಯಿಂದ ಅಂಗೈಗೆ ಬಂದ ಲಿಂಗವನ್ನು ಅಗಲಿಕೆಯೆಂದು ಭಾವಿಸಬೇಕಾಗಿಲ್ಲವೆಂಬುದು ನನ್ನ ನಂಬಿಕೆ. ಸಂದೇಹವುಳ್ಳ ಹಿರಿಯರು ತಮ್ಮ ಗುರುಗಳ ಬಳಿ ಈ ಮಾತನ್ನು ಆರೋಗ್ಯವಾಗಿರುವಾಗಲೇ ಕೇಳಿ ಮನಸ್ಸಮಾಧಾನ ಮಾಡಿಕೊಳ್ಳುವುದು ಲೇಸು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ವೈದ್ಯವೃತ್ತಿಯೇ ಅವನ ಕಾಯಕವಾಗಿತ್ತು. ದೇಹಕ್ಕೆ ಬಂದ ರೋಗವನ್ನು ಪರೀಕ್ಷಿಸುವುದಕ್ಕೂ ಭಕ್ತಿಗೂ ವಿರೋಧವಿದೆಯೆಂದು ಅವನು ತಿಳಿದಿದ್ದರೆ ಆ ಕಾಯಕವನ್ನು ಕೈಗೊಳ್ಳುತ್ತಿರಲಿಲ್ಲ.

ಹೆಣ್ಣುಮಕ್ಕಳ ಸಂಕೋಚದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎದೆಯ ಎಡಭಾಗದ ತಂತಿಗಳನ್ನು ಸ್ತನದ ಕೆಳಗೆ ಜೋಡಿಸಬೇಕಾಗುತ್ತದೆ. ಈ ಕಾರಣಕ್ಕಾಗಿಯೇ 'ಬೇಡ, ನಾಳೆ ನೋಡೋಣ' ಎನ್ನುವ ತಾಯಂದಿರು ನಮ್ಮಲ್ಲಿ ಬಹಳ. ಪರದೆ ಬೇಕೆಂದು ಕೇಳುವ, ಹೆಣ್ಣು ದಾದಿಯೇ ಬರಲೆಂದು ಕೋರುವ ಹಕ್ಕು ಅವರಿಗಿದೆ. ಪರೀಕ್ಷೆಯನ್ನೇ ಮುಂದೂಡಿದರೆ ಮಾತ್ರ ನಷ್ಟ ಅವರದೇ.

ಒಂದು ಚುಚ್ಚುಮದ್ದು, ಹತ್ತು ಪ್ರಶ್ನೆಗಳು

ಹೆಪ್ಪು ಕರಗಿಸುವ ಔಷಧದ ವಿಷಯದಲ್ಲಿಯೂ ದಾದಿಯ ಕೆಲಸ ಬದಲಾಗಿದೆ. ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಸ್ಟ್ರೆಪ್ಟೋಕೈನೇಸ್ ಎಂಬ ಔಷಧವನ್ನು ಸುಮಾರು ಒಂದು ಗಂಟೆಯ ಕಾಲ ನಿಧಾನವಾಗಿ ಹರಿಸಬೇಕಾಗಿತ್ತು. ಅಷ್ಟು ಹೊತ್ತೂ ದಾದಿ ರೋಗಿಯ ಪಕ್ಕದಲ್ಲಿ ನಿಂತು ರಕ್ತದೊತ್ತಡ ಇಳಿಯದಂತೆ ಕಾಯಬೇಕಾಗಿತ್ತು. ಟೆನೆಕ್ಟಿಪ್ಲೇಸನ್ನು ರೋಗಿಯ ತೂಕಕ್ಕೆ ತಕ್ಕಂತೆ ಅಳೆದು ಕೆಲವೇ ಸೆಕೆಂಡುಗಳಲ್ಲಿ ಒಮ್ಮೆಗೇ ಕೊಡಬಹುದು. ಕೊಡುವ ಕೆಲಸ ಸುಲಭವಾಯಿತು. ಕೊಡುವ ಮುಂಚಿನ ವಿಚಾರಣೆ ಮಾತ್ರ ಹಾಗೆಯೇ ಉಳಿದಿದೆ. ಹೆಪ್ಪನ್ನು ಕರಗಿಸುವ ಔಷಧ ದೇಹದ ಬೇರೆಡೆಯೂ ರಕ್ತಸ್ರಾವ ಮಾಡಬಲ್ಲದು. ಆದ್ದರಿಂದಲೇ ದಾದಿಯೂ ವೈದ್ಯರೂ ಒಂದೇ ಸಮನೆ ಕೇಳುತ್ತಾರೆ: ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದೆಯೇ? ತಲೆಗೆ ಪೆಟ್ಟು ಬಿದ್ದಿತ್ತೇ? ಹಿಂದೆ ಪಾರ್ಶ್ವವಾಯು ಬಡಿದಿತ್ತೇ? ಮಲದಲ್ಲಿ ರಕ್ತ ಹೋಗುತ್ತಿದೆಯೇ? ಯಾವ ಮಾತ್ರೆ ಸೇವಿಸುತ್ತಿದ್ದಾರೆ? ಅಡಿಕೆ ಮರದಿಂದ ಜಾರಿ ಬೀಳುವುದು ಅಪರೂಪವಲ್ಲದ ಈ ಸೀಮೆಯಲ್ಲಿ ತಲೆಯ ಪೆಟ್ಟಿನ ಪ್ರಶ್ನೆ ಸುಮ್ಮನೆ ಕೇಳುವ ಪ್ರಶ್ನೆಯಲ್ಲ. 'ಅದೆಲ್ಲಾ ಈಗ ಯಾಕೆ, ಮೊದಲು ಔಷಧ ಕೊಡಿ' ಎಂದು ರೇಗುವ ಬದಲು ನಿಜವಾದ ಉತ್ತರ ಕೊಡುವುದು ಮನೆಯವರ ಪಾಲಿನ ಶುಶ್ರೂಷೆ. ನಿತ್ಯದ ಔಷಧಗಳ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಹಿರಿಯರ ಚೀಲದಲ್ಲಿ ಇಟ್ಟಿರುವುದು ಇಂತಹ ವೇಳೆಯಲ್ಲಿ ಬಹಳ ಉಪಕಾರಿ. ನೋವು ಬಂದವರನ್ನು ನಡೆಸಬಾರದು, ದ್ವಿಚಕ್ರ ವಾಹನದ ಹಿಂದೆ ಕೂರಿಸಬಾರದು. 2008ರಿಂದ ರಾಜ್ಯದಲ್ಲಿರುವ 108 ವಾಹನವನ್ನು ಕರೆಯಬೇಕು. ಅದು ತಡವಾಗುವಂತಿದ್ದರೆ ನೆರೆಮನೆಯ ಕಾರು ಆಗಬಹುದು. ಯಾವುದೇ ವಾಹನವಾದರೂ ಇ.ಸಿ.ಜಿ. ಇರುವ ಅತಿ ಸಮೀಪದ ಆಸ್ಪತ್ರೆಯಲ್ಲಿ ಮೊದಲು ನಿಲ್ಲಬೇಕು. ನೇರವಾಗಿ ಮಂಗಳೂರಿಗೇ ಎಂಬ ಹಠ ಬೇಡ. ಪುತ್ತೂರಿನಲ್ಲಿಯೂ ಸುಳ್ಯದಲ್ಲಿಯೂ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ, ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವಿದ್ಯಾಸಂಸ್ಥೆಗಳ ಫಲವಾಗಿ ಸುಳ್ಯದಂತಹ ಸಣ್ಣ ಊರಿನಲ್ಲಿ ವೈದ್ಯಕೀಯ ಕಾಲೇಜೂ ಅದರ ಆಸ್ಪತ್ರೆಯೂ ಇವೆ.

ಯಂತ್ರ ಬಂದುದರಿಂದ ದಾದಿಯ ಹೊರೆ ಇಳಿಯಿತೇ ಎಂದರೆ, ಇಳಿದದ್ದೂ ಉಂಟು, ಏರಿದ್ದೂ ಉಂಟು. ಹನಿ ಎಣಿಸುವ ಕೆಲಸ ಕಡಿಮೆಯಾಯಿತು. ಆದರೆ ಪುಸ್ತಕದಲ್ಲಿ ಬರೆದದ್ದನ್ನೇ ಗಣಕಯಂತ್ರದಲ್ಲಿ ಮತ್ತೊಮ್ಮೆ ಬರೆಯುವ ಕೆಲಸ ಅನೇಕ ಕಡೆ ಹೊಸದಾಗಿ ಸೇರಿತು. ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಸಿಬ್ಬಂದಿಯ ಕೈಯಲ್ಲಿ ಈಗ ಟ್ಯಾಬ್ ಇದೆ. ಬೆಟ್ಟದ ಮರೆಯಲ್ಲಿ ಸಂಕೇತ ಸಿಗದಿದ್ದರೆ ಅದು ಕೇವಲ ಒಂದು ಹಲಗೆ. 2021ರ ಜೂನ್ ತಿಂಗಳಿನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಛಾಯಾಚಿತ್ರವನ್ನು ಬಹಳ ಮಂದಿ ನೋಡಿರಬಹುದು. ಪಾಠಕ್ಕೆ ಸಿಗದ ಸಂಕೇತ ಇ.ಸಿ.ಜಿ.ಗೆ ಮಾತ್ರ ಸಿಕ್ಕೀತೇ? ತಜ್ಞರು ಸಿದ್ಧರಿದ್ದಾರೆ, ಯಂತ್ರ ಸಿದ್ಧವಾಗಿದೆ, ಕಾಗದದ ಚಿತ್ರ ಮಾತ್ರ ಹೊರಡುವುದಿಲ್ಲ ಎಂಬ ಸಂಕಟ ಕಾಡಂಚಿನ ಕೇಂದ್ರಗಳಲ್ಲಿ ಬರಬಹುದಾದದ್ದೇ. ಅಂತಹ ವೇಳೆ ಒಂದು ಸ್ಥಿರ ದೂರವಾಣಿಯ ಬೆಲೆ ಏನೆಂಬುದು ತಿಳಿಯುತ್ತದೆ.

ತೀವ್ರ ನಿಗಾ ಘಟಕಗಳಲ್ಲಿ ಬೇರೆಯೇ ತೊಂದರೆ. ಪ್ರತಿ ಹಾಸಿಗೆಯ ಯಂತ್ರವೂ ಸಣ್ಣ ಏರುಪೇರಿಗೆಲ್ಲ ಕೂಗುತ್ತದೆ. ರೋಗಿ ಕೈ ಆಡಿಸಿದರೂ ಕೂಗು, ತಂತಿ ಸಡಿಲವಾದರೂ ಕೂಗು. ದಿನವಿಡೀ ಕೇಳಿದ ಕಿವಿಗೆ ನಿಜವಾದ ಕೂಗೂ ಮಾಮೂಲಾಗುವ ಅಪಾಯವಿದೆಯೆಂದು ಪರದೇಶಗಳಲ್ಲಿಯೂ ಬಲ್ಲವರು ಎಚ್ಚರಿಸಿದ್ದಾರೆ. ಪರದೆಯ ಮೇಲಿನ ಅಂಕಿ ಸರಿಯಾಗಿಯೇ ಇದ್ದು, ರೋಗಿಯ ಹಣೆಯ ತಣ್ಣನೆಯ ಬೆವರು ಮಾತ್ರ ಬೇರೆಯದನ್ನೇ ಹೇಳುತ್ತಿರಬಹುದು. ಆ ಬೆವರನ್ನು ಮುಟ್ಟಿ ನೋಡುವ ಯಂತ್ರ ಯಾವ ಆಸ್ಪತ್ರೆಗೂ ಇನ್ನೂ ಬಂದಿಲ್ಲ. ರಾತ್ರಿ ಪಾಳಿಯಲ್ಲಿ ಒಂದಿಡೀ ವಾರ್ಡಿಗೆ ಒಬ್ಬರೇ ದಾದಿಯಿದ್ದರೆ ಮುಟ್ಟಿ ನೋಡಲು ಅವರಿಗೆ ಪುರಸೊತ್ತಾದರೂ ಎಲ್ಲಿಂದ ಬಂದೀತು? ಯಂತ್ರ ಕೊಳ್ಳುವುದಕ್ಕೆ ದಾನಿಗಳು ಮುಂದೆ ಬರುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದು. ಇನ್ನೊಬ್ಬ ದಾದಿಯ ಸಂಬಳಕ್ಕೆ ಯಾರೂ ಬರುವುದಿಲ್ಲ. ಗುತ್ತಿಗೆಯ ಮೇಲೆ, ವರ್ಷದಿಂದ ವರ್ಷಕ್ಕೆ ನವೀಕರಣವಾಗುವ ಕೆಲಸದಲ್ಲಿರುವ ದಾದಿಯರು ಸರ್ಕಾರಿ ವ್ಯವಸ್ಥೆಯಲ್ಲಿ ಬಹಳ ಮಂದಿ ಇದ್ದಾರೆ. ಪಕ್ಕೆಲುಬು ಎಣಿಸುವ ಬೆರಳಿಗೆ ಅನುಭವ ಬರುವ ಹೊತ್ತಿಗೆ ಅವರು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಕ್ಕೋ ಹೊರಟುಹೋದರೆ ಅವರನ್ನು ದೂರುವಂತಿಲ್ಲ.

ಇನ್ನೊಂದು ಮಾತನ್ನು ಕೊಂಚ ಅಳುಕಿನಿಂದಲೇ ಬರೆಯುತ್ತೇನೆ. ನಮ್ಮ ಸಮಾಜದ ಮಠಗಳೂ ಸಂಸ್ಥೆಗಳೂ ಮೈಸೂರಿನಲ್ಲಿ, ಬೆಳಗಾವಿಯಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳನ್ನೂ ನರ್ಸಿಂಗ್ ಕಾಲೇಜುಗಳನ್ನೂ ಕಟ್ಟಿವೆ. ಅದು ಹೆಮ್ಮೆಯ ವಿಷಯ. ಆದರೆ ಮಗಳು ನರ್ಸಿಂಗ್ ಓದುತ್ತೇನೆಂದರೆ 'ಇನ್ನೊಬ್ಬರ ಹೊಲಸು ಬಳಿಯುವ ಕೆಲಸ ನಮಗೇಕೆ' ಎನ್ನುವ ಮನೆಗಳು ನಮ್ಮಲ್ಲಿ ಇಂದಿಗೂ ಉಂಟು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳಿ, ಮನೆಗೆ ಬಂದು ಹೀಗೆ ಮಾತನಾಡುವುದು ಹೇಗೆ ಸರಿಯಾದೀತು? ಅತ್ತೆಯ ಅಂಗೈಗೆ ಲಿಂಗವನ್ನು ಕೊಟ್ಟು ಪರದೆ ಎಳೆದ ಆ ಹಿರಿಯ ಸಿಸ್ಟರ್ ಕ್ರೈಸ್ತರು. ಅವರು ಹಿಂದೆ ದಾವಣಗೆರೆಯಲ್ಲಿ ಕೆಲಸ ಮಾಡಿದ್ದರಂತೆ; ಕರಡಿಗೆಯನ್ನು ಗುರುತಿಸಿದ್ದು ಹಾಗೆ.

ವರ್ಷವೊಂದು ಕಳೆದ ಮೇಲೆ ಮರುಪರೀಕ್ಷೆಗೆಂದು ಅತ್ತೆಯನ್ನು ಅದೇ ಆಸ್ಪತ್ರೆಗೆ ಕರೆದೊಯ್ದಿದ್ದೆ. ಆ ಹಿರಿಯ ಸಿಸ್ಟರ್ ನಿವೃತ್ತರಾಗಿದ್ದರು. ಅಂದು ಗಾಬರಿಗೊಂಡಿದ್ದ ಎಳೆಯ ದಾದಿಯೇ ಇ.ಸಿ.ಜಿ. ಯಂತ್ರವನ್ನು ತಳ್ಳಿಕೊಂಡು ಬಂದಳು. ಅತ್ತೆಯನ್ನು ಗುರುತಿಸಿದಳೋ ಇಲ್ಲವೋ ನಾನರಿಯೆ. ಪರದೆ ಎಳೆದಳು. ನಾನು ಹೊರಗೆ ಬರುವಾಗ ಅವಳ ದನಿ ಕೇಳಿಸಿತು. 'ಅಜ್ಜಿ, ಲಿಂಗ ಕೈಯಲ್ಲಿ ಹಿಡ್ಕೊಳ್ತೀರಾ?' ಎಂದು ಅವಳೇ ಕೇಳುತ್ತಿದ್ದಳು. ಅತ್ತೆ ಅಷ್ಟರಲ್ಲಾಗಲೇ ಸೆರಗಿನ ತುದಿಯನ್ನು ಮಡಚಿ ಅಂಗೈಯ ಮೇಲೆ ಹಾಸಿಕೊಂಡಿದ್ದರು.